ಔರಾದಿನಲ್ಲಿ ನಮ್ಮ ಇನ್ಸುಲಿನ್‌ನ ಮೊದಲ ಡಬ್ಬಿ

ಬಯೋಸಿಮಿಲರ್, ಅಂದರೆ ಮೂಲ ಜೈವಿಕ ಔಷಧವನ್ನು ಹೋಲುವ ಔಷಧ ತಯಾರಿಸಿ ಮಾರುವ ಕಂಪನಿಗೆ ನಾನು ಮಾರಾಟ ಪ್ರತಿನಿಧಿಯಾಗಿ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಬೀದರಿನಿಂದ ಔರಾದಿಗೆ ಬರುವ ಬಸ್ಸಿನಲ್ಲಿ ಅಂಗಡಿಯವರಿಗೆ ಒಪ್ಪಿಸಬೇಕಾದ ನನ್ನ ಭಾಷಣವನ್ನು ಹತ್ತು ಸಲ ಬಾಯಿಪಾಠ ಮಾಡಿದ್ದೆ. ಔಷಧದ ಅಂಗಡಿ ಹೊಕ್ಕರೆ, ಸಂತಪುರದಲ್ಲಿ ಕುರಿ ಸಾಕುವ ಆಯಿಯೊಬ್ಬರು ನಮ್ಮದೇ ಇನ್ಸುಲಿನ್ ಡಬ್ಬಿ ಹಿಡಿದು ನಿಂತಿದ್ದರು. ಅವರ ಗಂಡನಿಗೆ ಮೊದಲಿನ ಇನ್ಸುಲಿನ್ ಬದಲು ಡಾಕ್ಟರು ಇದನ್ನು ಹೊಸದಾಗಿ ಬರೆದುಕೊಟ್ಟಿದ್ದರಂತೆ. ನನಗೆ ಕುಣಿಯುವುದೊಂದು ಬಾಕಿ.

"ಇದು ಮೊದಲಿಂದು ಅಲ್ಲ," ಎಂದರು ಆಯಿ.

"ಎರಡೂ ಒಂದೇ ರೀ, ಆಯಿ," ಎಂದುಬಿಟ್ಟೆ.

"ಸುಳ್ಳು ಹೇಳಬ್ಯಾಡ ತಮ್ಮಾ. ನನ್ನ ಕುರಿ ನೋಡಿದವರೂ ಎಲ್ಲಾ ಒಂದೇ ಅಂತಾರ. ಸಾಕಿದಾಕಿಗಿ ಗೊತ್ತಿರ್ತದ."

ಸುಡುಗಾಡು ಬಾಯಿಪಾಠ ಅಲ್ಲಿಗೇ ಬಿಟ್ಟು ನಿಜ ಹೇಳಿದೆ. ಈ ಔಷಧ ಜೀವಕೋಶಗಳಲ್ಲಿ ತಯಾರಾಗುತ್ತದೆ, ಅಚ್ಚು ಒತ್ತಿದಂತೆ ಬರುವುದಿಲ್ಲ. ಮೊದಲಿನದಕ್ಕೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಮಾಡುವ ಕೆಲಸ ಅದೇ ಎಂದು ಪರೀಕ್ಷೆಯಲ್ಲಿ ಖಾತ್ರಿಯಾದ ಮೇಲೆಯೇ ಮಾರುತ್ತಾರೆ.

ಆಯಿಯ ಮುಖ ಅರಳಿತು. "ಹಾಂ, ಹಿಂಗ ಹೇಳು. ಒಂದೇ ಹೊಟ್ಟಿಯ ಅವಳಿ ಮರಿನೂ ಒಂದರಂಗ ಒಂದು ಇರಂಗಿಲ್ಲ. ಆದ್ರ ಯಾವುದರ ತುಪ್ಪಟ ಕತ್ತರಿಸಿ ನೇಯ್ದ್ರೂ ಕಂಬಳಿ ಅಷ್ಟೇ ಬೆಚ್ಚಗಿರ್ತದ."

ಡಬ್ಬಿಯನ್ನು ಐಸ್ ಇಟ್ಟ ಚೀಲಕ್ಕೆ ಹಾಕಿಕೊಂಡು ಹೊರಟರು. ನಾನು ಅಂಗಡಿಯ ಮೆಟ್ಟಿಲಿನಿಂದಲೇ ಭಾಲ್ಕಿಯಲ್ಲಿದ್ದ ಮ್ಯಾನೇಜರಿಗೆ ಫೋನ್ ಮಾಡಿ, ಅವಳಿ ಮರಿಯ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಭಾರಿ ಅದಲ್ರಿ," ಎಂದರು ಅವರು. "ಯಾವ ಡಾಕ್ಟರು ಹೇಳಿದ್ರು?"

"ಡಾಕ್ಟರಲ್ರಿ ಸರ, ಕುರಿ ಕಾಯೋರು. ನನ್ನ ಸುಳ್ಳು ಹಿಡಿದವರೂ ಅವರೇ."