ಚೆನ್ನುವಿಗೆ ‘ನೀವು’ ಅಂದದ್ದು

ಕಡಬದ ಹತ್ತಿರದ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ಮೇದಪ್ಪ ಇಪ್ಪತ್ತೆರಡು ವರ್ಷ ಕಂಪೌಂಡರ್ ಆಗಿದ್ದರು. ಸುಳ್ಯದ ಕಡೆಯ ಗೌಡರು. ಮನೆಮಾತು ಅರೆಭಾಷೆ, ರೋಗಿಗಳೊಡನೆ ತುಳು. 1977ರಲ್ಲಿ ಸ್ಪೇನ್ ದೇಶದ ಸಿಸ್ಟರ್ ಪಿಲಾರ್ ಅಲ್ಲಿಗೆ ನರ್ಸಾಗಿ ಬಂದಾಗ ಅವರಿಗೆ ಕನ್ನಡ ಕಲಿಸುವ ಕೆಲಸವೂ ಮೇದಪ್ಪನವರ ತಲೆಗೆ ಬಂತು.

ಸಿಸ್ಟರ್ ಒಂದು ಸಂಜೆ ಕೇಳಿದರು: “ನೀನು, ನೀವು. ಯಾರಿಗೆ ಯಾವುದು?”

“ಮಕ್ಕಳಿಗೆ ನೀನು. ದೊಡ್ಡವರಿಗೆ ನೀವು.”

“ನಮ್ಮಲ್ಲೂ ಉಂಟು. ‘ತೂ’ ಅಂದರೆ ನೀನು, ‘ಉಸ್ತೇದ್’ ಅಂದರೆ ನೀವು. ದೇವರಿಗೆ?”

“ದೇವರಿಗೆ ನೀನು.”

“ನಮ್ಮ ದೇವರಿಗೂ ತೂ.” ಸಿಸ್ಟರಿಗೆ ಖುಷಿಯಾಯಿತು. “ಚೆನ್ನು ನಿಮಗಿಂತ ದೊಡ್ಡವರು. ಅವರಿಗೆ ನೀವು ‘ನೀನು’ ಅನ್ನುತ್ತೀರಿ.”

ಚೆನ್ನು ಆಸ್ಪತ್ರೆಯ ನೆಲ ಒರೆಸಿ, ಹೆರಿಗೆ ಕೋಣೆಯ ಬಟ್ಟೆ ಕುದಿಸುತ್ತಿದ್ದ ಹೆಂಗಸು. ಅರುವತ್ತು ದಾಟಿತ್ತು.

“ಅದು ಅಭ್ಯಾಸ ಸಿಸ್ಟರ್,” ಎಂದರು ಮೇದಪ್ಪ. ಸಿಸ್ಟರ್ ಅದನ್ನೂ ವ್ಯಾಕರಣವೆಂಬಂತೆ ಪುಸ್ತಕದಲ್ಲಿ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಸಿಸ್ಟರ್, “ಚೆನ್ನು, ನೀವು ತಿಂಡಿ ತಿಂದಿರಾ?” ಎಂದು ಕೇಳಿದರು. ಚೆನ್ನು ಬಕೆಟ್ಟನ್ನು ಗೋಡೆಗೆ ಸರಿಸಿ, ಕೈ ತೊಳೆದು, ಮನೆಗೆ ನಡೆದರು. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಮೇದಪ್ಪ ಹುಡುಕಿಕೊಂಡು ಹೋದರು. ಚೆನ್ನು ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದರು.

“ಎಂತ ಚೆನ್ನು, ಕೆಲಸಕ್ಕೆ ಯಾಕೆ ಬರುದಿಲ್ಲ?”

“ನನ್ನನ್ನು ತೆಗೆದು ಹಾಕಿದ್ದಲ್ವಾ?”

“ಯಾರು ಹೇಳಿದ್ದು?”

“ಸಿಸ್ಟರ್ ‘ನೀವು’ ಅಂದ್ರು. ನನ್ನ ಅಪ್ಪನಿಗೆ ಧಣಿಗಳು ಒಂದೇ ಸಲ ಹಾಗೆ ಹೇಳಿದ್ದು. ಜಾಗದಿಂದ ಬಿಡಿಸಿದ ದಿವಸ. ‘ಇನ್ನು ನೀವು ಹೋಗಬಹುದು’ ಅಂತ.”

ಮೇದಪ್ಪ ಜಗಲಿಯ ತುದಿಯಲ್ಲಿ ಕುಳಿತರು. “ಹಾಗಲ್ಲ ಮಾರಾಯ್ತಿ. ಅವರ ದೇಶದಲ್ಲಿ ಹಿರಿಯರಿಗೆ ಮರ್ಯಾದೆ ಕೊಟ್ಟು ಮಾತಾಡುದು ಹಾಗೆ.”

“ಅವರ ದೇಶದಲ್ಲಿ,” ಎಂದರು ಚೆನ್ನು. “ನೀವು ಹೇಳುದಿಲ್ವಲ್ಲ?”

ಮೇದಪ್ಪ ನೀರು ಕೇಳಿ ಕುಡಿದರು. ಹೊರಡಲು ಎದ್ದವರು ಅಂಗಳದ ಮಧ್ಯೆ ನಿಂತು, ಬುಟ್ಟಿಯನ್ನೇ ನೋಡುತ್ತ ಹೇಳಿದರು: “ನಾಳೆ ಬನ್ನಿ. ನೀವು ಇಲ್ಲದೆ ಬಟ್ಟೆ ಎಲ್ಲ ಹಾಗೇ ಬಿದ್ದಿದೆ.”

ಚೆನ್ನು ಒಂದು ಸುತ್ತು ಹೆಣೆದು ಮುಗಿಸಿ, “ನೋಡುವ,” ಎಂದರು. ಮರುದಿನ ಬಂದರು.

ಆಮೇಲೆ ಮೇದಪ್ಪ ತಪ್ಪದೆ ‘ನೀವು’ ಅಂದರು. ಮೊದಮೊದಲು ನಾಲಿಗೆ ತಡವರಿಸಿದಾಗ ಚೆನ್ನು ಕೆಲಸ ನಿಲ್ಲಿಸಿ, ಮಾತು ಸರಿಯಾಗುವ ತನಕ ಕಾಯುತ್ತಿದ್ದರಂತೆ. ಸುದ್ದಿ ಮನೆಗೂ ಮುಟ್ಟಿತು. “ಚೆನ್ನುಗೆ ನೀವು, ನನಗೆ ನೀನಾ?” ಎಂದು ಹೆಂಡತಿ ನೀಲಾವತಿ ಕೇಳಿದರು. ಮೇದಪ್ಪ ಒಂದು ದಿನ ಹೆಂಡತಿಗೂ ‘ನೀವು’ ಅಂದು ನೋಡಿದರು. ನೆಂಟರ ಮನೆಗೆ ಬಂದ ಹಾಗಾಗುತ್ತದೆ, ಬೇಡ ಎಂದು ನೀಲಾವತಿಯೇ ನಿಲ್ಲಿಸಿದರು.

1984ರಲ್ಲಿ ಸಿಸ್ಟರ್ ಸ್ಪೇನಿಗೆ ಮರಳಿದರು. ಚೆನ್ನು ಮತ್ತೆರಡು ವರ್ಷ ದುಡಿದರು. ಅಷ್ಟರಲ್ಲಿ ಔಷಧಿ ಕಟ್ಟುವ ವಸುಮತಿಯೂ ಅವರಿಗೆ ‘ನೀವು’ ಅನ್ನತೊಡಗಿದ್ದರು. ಡಾಕ್ಟರು ಕೊನೆಯವರೆಗೂ ಅನ್ನಲಿಲ್ಲ.