ಉದ್ಯೋಗ: ಮನೆಗೆಲಸ

ಕಂಪ್ಯೂಟರು ಬಲ್ಲೆನೆಂದು ಮೆರೆದವರಲ್ಲಿ ನಾನೂ ಒಬ್ಬ. ಖೂಬಾ ಪ್ಲಾಟ್ ಬಡಾವಣೆಯ ಒಂದು ಮಹಡಿ ಕೋಣೆಯ ಕ್ಲಾಸಿನಲ್ಲಿ, ಗರ್ಭಗುಡಿಗೆ ಹೋಗುವವನಂತೆ ಚಪ್ಪಲಿ ಹೊರಗೆ ಬಿಟ್ಟು, ಆ ಯಂತ್ರದ ಮುಂದೆ ಮೂರು ತಿಂಗಳು ಕೂತು ಬಂದಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು. ನಮ್ಮ ಸರಕಾರಿ ಕಚೇರಿಯಲ್ಲಿ ಅಷ್ಟಾದರೂ ಕಲಿತವನು ನಾನೊಬ್ಬನೇ. ಹಾಗಾಗಿ ನಾನೇ ಪಂಡಿತ.

ಕಮಲಾಪುರದ ಮನೆಮನೆಯ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಉದ್ಯೋಗ. ಈ ಕೊನೆಯ ಕಾಲಂ ಹೆಂಗಸರ ಮುಂದೆ ಎಷ್ಟೋ ಕಡೆ ಖಾಲಿ ಇತ್ತು. ನಮ್ಮ ಸಾಹೇಬರಿಗೆ ಖಾಲಿ ಜಾಗ ಕಂಡರಾಗದು. ತಮ್ಮ ತಲೆಯ ವಿಷಯದಲ್ಲಿ ಮಾತ್ರ ಅವರು ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.

“ಹೆಣ್ಮಕ್ಕಳ ಕಾಲಂ ಖಾಲಿ ಇದ್ದಲ್ಲಿ ‘ಮನೆಗೆಲಸ’ ಅಂತ ತುಂಬಿಬಿಡ್ರಿ,” ಎಂದರು.

ಒಂದೊಂದಾಗಿ ತುಂಬಿದರೆ ಪಂಡಿತನ ಮಾನ ಏನಾಗಬೇಕು? ಒಂದೇ ಆಜ್ಞೆ ಬರೆದೆ: ಹೆಣ್ಣಾಗಿದ್ದರೆ, ಉದ್ಯೋಗದಲ್ಲಿ ‘ಮನೆಗೆಲಸ’ ಎಂದು ಹಾಕು. ‘ಖಾಲಿ ಇದ್ದರೆ’ ಎಂಬ ಎರಡನೆಯ ಷರತ್ತು ಮರೆತೇಹೋಯಿತು. ಗುಂಡಿ ಒತ್ತಿದೆ. ಕಮಲಾಪುರದ ಶಿಕ್ಷಕಿ, ನರ್ಸು, ಬಟ್ಟೆ ಹೊಲಿಯುವ ಬೇಗಂಗಳು, ಹೊಲ ಮಾಡುವವರು ಎಲ್ಲರೂ ಆ ಕ್ಷಣವೇ ಅಡುಗೆಮನೆ ಸೇರಿದರು. ಕಾಲಂ ಮೇಲಿಂದ ಕೆಳಗಿನವರೆಗೆ ಒಂದೇ ಸಮ! ಅದರ ಚೆಂದಕ್ಕೆ ನಾನೇ ಮರುಳಾಗಿ ಹಳೆಯ ಪಟ್ಟಿಯನ್ನು ಅಳಿಸಿ ಅದರ ಜಾಗದಲ್ಲೇ ಇದನ್ನು ಉಳಿಸಿಬಿಟ್ಟೆ. ಸಾಹೇಬರು ಬೆನ್ನು ತಟ್ಟಿ, “ಇನ್ನ ಈ ಕಾಗದ ಯಾಕ್ರಿ?” ಎಂದು ಮೂಲ ಫಾರಂಗಳನ್ನೆಲ್ಲ ರದ್ದಿಗೆ ಹಾಕಿಸಿದರು.

ಎರಡು ತಿಂಗಳಿಗೆ ಗುರಬಾಯಿ ಕಚೇರಿಗೆ ಬಂದರು. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ, ಐವತ್ತರ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ತೋಟದ ಭಾರವೆಲ್ಲ ಅವರದೇ. ರೈತರಿಗೆ ಹಂಚುವ ಬಾಳೆ ಸಸಿ ಕೇಳಲು ಹೋದರೆ, ಪಟ್ಟಿಯಲ್ಲಿ ನೀನು ರೈತಳೇ ಅಲ್ಲ ಎಂದು ವಾಪಸು ಕಳಿಸಿದ್ದರಂತೆ.

“ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲಮ್ಮ,” ಎಂದರು ಸಾಹೇಬರು.

“ಅದು ನನ್ನ ತ್ವಾಟ ಯಾವಾಗ ನೋಡ್ಯಾದ್ರಿ?”

ಸಾಹೇಬರು ನನ್ನತ್ತ ನೋಡಿದರು. ನಾನು ಕಂಪ್ಯೂಟರಿನತ್ತ ನೋಡಿದೆ. ಈ ಹಂಗಾಮು ತಪ್ಪಿದರೆ ತೋಟ ಪಾಳು ಬೀಳುತ್ತದೆ ಎಂದು ಆಕೆ ಹೇಳಿ ಹೋಗುವಾಗಲೂ ತಪ್ಪು ನನ್ನದೆನ್ನಲು ಬಾಯಿ ಬರಲಿಲ್ಲ. ಇಂಥ ಪಂಡಿತರನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

 ಆ ರವಿವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಗುರಬಾಯಿ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿದ್ದೆ.

“ನಂದೊಂದು ತಿದ್ದಿದ್ರ ಮುಗೀತೇನ್ರಿ? ನಡೀರಿ, ಎಲ್ಲಾರ ಮನಿಗೆ ಹೋಗಮು,” ಎಂದು ಸೆರಗು ಸಿಕ್ಕಿಸಿ ಹೊರಟೇಬಿಟ್ಟರು.

ಬಾಗಿಲಿಗೆ ಬಂದು ಉತ್ತರ ಕೊಟ್ಟವರು ಹೆಚ್ಚಾಗಿ ಗಂಡಸರು. “ಆಕಿ ಏನೂ ಮಾಡಂಗಿಲ್ರಿ, ಮನ್ಯಾಗ ಇರ್ತಾಳ.” ಹೇಳುವವನ ಬೆನ್ನ ಹಿಂದೆಯೇ ಆಕೆ ತೊಗರಿ ಹಸನು ಮಾಡುತ್ತಿರುತ್ತಿದ್ದಳು, ಇಲ್ಲವೇ ಎಮ್ಮೆಗೆ ಮೇವು ಹಾಕುತ್ತಿರುತ್ತಿದ್ದಳು. ನಾನು ಒತ್ತಿದ ಗುಂಡಿ ಹೊಸದೇನಲ್ಲ ಎಂದು ಆಗ ತಿಳಿಯಿತು. ಕಂಪ್ಯೂಟರು ಬರುವ ಎಷ್ಟೋ ಮೊದಲೇ, ಯಾವ ಷರತ್ತೂ ಇಲ್ಲದೆ, ಮನೆಮನೆಯಲ್ಲೂ ಅದನ್ನು ಒತ್ತಿ ಆಗಿತ್ತು. ನಾನು ಕಷ್ಟಪಟ್ಟು ಕಲಿತ ವಿದ್ಯೆ ಈ ಮಹನೀಯರಿಗೆ ಹುಟ್ಟಿನಿಂದಲೇ ಬಂದಿತ್ತು.

ಐದು ರವಿವಾರ ಹಿಡಿಯಿತು. ಪಟ್ಟಿ ತಿದ್ದಿದೆ, ತಪ್ಪು ನನ್ನದೆಂದು ಬರೆದೂ ಕೊಟ್ಟೆ. ಕಂಪ್ಯೂಟರಿನ ಮೇಲಿನ ಅಪವಾದ ಕಳೆಯಿತಲ್ಲ ಎಂದು ಸಾಹೇಬರು ನಿರಾಳವಾದರು. ಎರಡನೆಯ ಹಂಚಿಕೆಯಲ್ಲಿ, ತಡವಾಗಿಯಾದರೂ, ಗುರಬಾಯಿಗೆ ಸಸಿ ಸಿಕ್ಕವು.

ಕೊನೆಯ ರವಿವಾರದ ಒಂದು ಮನೆ ಮಾತ್ರ ಮರೆಯಲಾಗಿಲ್ಲ. ಗಂಡ ಎಂದಿನಂತೆ ಬಾಯಿ ತೆರೆದ. “ನೀ ಸುಮ್ನಿರಪ್ಪ, ಆಕಿ ಹೇಳ್ಲಿ,” ಎಂದು ಗುರಬಾಯಿ ತಡೆದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದ ಆಕೆಯನ್ನು ಅದುವರೆಗೆ ಯಾರೂ ಹೀಗೆ ಕೇಳಿರಲಿಲ್ಲವೇನೋ. ಎಮ್ಮೆ, ಕಳೆ, ರಾಶಿ, ನೀರು ಎಂದು ಬೆರಳು ಮಡಚತೊಡಗಿದಳು. ಎರಡೂ ಕೈಯ ಬೆರಳು ಮುಗಿದವು. ನನ್ನ ಕಾಗದದತ್ತ ಬಗ್ಗಿ ನೋಡಿದಳು.

“ಅದ್ರಾಗ ಜಾಗ ಎಷ್ಟದರಿ?”

“ಇಪ್ಪತ್ತು ಅಕ್ಷರ.”

“ಸಾಲಂಗಿಲ್ಲ ಬಿಡ್ರಿ,” ಎಂದು ಆಕೆ ಒಳಗೆ ನಡೆದಳು. “ಹಂಚಿನ ಮ್ಯಾಲ ರೊಟ್ಟಿ ಹೊತ್ಲಕತ್ತದ.”