ಪಾಲಯ್ಯನವರ ಸೋಪಿನ ನೊರೆ

ಆಗಸ್ಟ್ 3, ಭಾನುವಾರ. ಬೆಳಿಗ್ಗೆ 6.50ಕ್ಕೆ ಈ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ಪಾಲಯ್ಯನವರು ಗ್ಯಾಸ್ ಒಲೆಯನ್ನು ಮೊದಲು ಕಿವಿಯಿಂದ ಪರೀಕ್ಷಿಸುತ್ತಿದ್ದರು. ಬರ್ನರ್ ಹಚ್ಚಿ, ಕಣ್ಣು ಮುಚ್ಚಿ, ತಲೆಯನ್ನು ಒಂದು ಬದಿಗೆ ವಾಲಿಸಿ ನಿಲ್ಲುವರು. ಸರಿಯಾದ ಉರಿ ನಿದ್ದೆಯಲ್ಲಿರುವ ಮಗುವಿನ ಹಾಗೆ ಒಂದೇ ಸಮ ಉಸಿರಾಡುತ್ತದೆ, ಗಾಳಿ ಹೆಚ್ಚಾದರೆ ಬುಸುಗುಡುತ್ತದೆ, ಕಡಿಮೆಯಾದರೆ ಸದ್ದೇ ಇಲ್ಲದೆ ಹಳದಿಯಾಗಿ ತೂಗಾಡುತ್ತದೆ ಎನ್ನುವರು. ಅವರು ಕಣ್ಣು ತೆರೆಯುವವರೆಗೆ ಅಡುಗೆಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ಅವರು ನಮ್ಮ ಮನೆಗೆ ಬಂದದ್ದು ನಮ್ಮದೇ ತಪ್ಪಿನಿಂದ. ಅಮ್ಮ ಶಾಲಾ ಶಿಕ್ಷಕಿ. ವರ್ಗವಾಗಿ ದಾವಣಗೆರೆಯಿಂದ ಹೊಸದುರ್ಗಕ್ಕೆ ಬಂದಾಗ ನಾಲ್ಕು ಬರ್ನರಿನ ಗಾಜಿನ ಒಲೆಯನ್ನೂ ತಂದೆವು. ಅಲ್ಲಿ ಅದು ಪೈಪ್ ಗ್ಯಾಸಿನಲ್ಲಿ ಉರಿಯುತ್ತಿತ್ತು. ಇಲ್ಲಿ ಸಿಲಿಂಡರ್. ಒಲೆ ಒಲೆಯೇ ತಾನೆ ಎಂದುಕೊಂಡು ನಾನೇ ರೆಗ್ಯುಲೇಟರ್ ಕೂರಿಸಿದೆ. ಫೆಬ್ರವರಿ 9, ಬೆಳಿಗ್ಗೆ 8.15. ಉರಿ ಮೊಳದುದ್ದ ಎದ್ದು ಅಮ್ಮನ ಮುಂಗೂದಲು ಸುಟ್ಟಿತು. ಹಾಲಿನ ಪಾತ್ರೆ ತಳದಿಂದ ಕಂಠದವರೆಗೆ ಕಪ್ಪಾಯಿತು. ನಾನು ಸಿಲಿಂಡರ್ ಬಂದ್ ಮಾಡಿದೆ. ಒಂದು ವಾರ ವಿದ್ಯುತ್ ಒಲೆಯ ಮೇಲೆ ಅಡುಗೆ ನಡೆಯಿತು.

ಫೆಬ್ರವರಿ 16ರಂದು, ನಾವು ಕರೆಸಿದ ಮೇಲೆ, ಒಲೆ ರಿಪೇರಿಯ ಪಾಲಯ್ಯ ಹಿರಿಯೂರಿನಿಂದ ಬಸ್ಸಿನಲ್ಲಿ ಬಂದರು. ಅರವತ್ತರ ಆಸುಪಾಸು, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ, ಕೈಯಲ್ಲಿ ತಗಡಿನ ಪೆಟ್ಟಿಗೆ. ಕಪ್ಪು ಪಾತ್ರೆ ನೋಡಿ ಅಮ್ಮನಿಗೆ, "ಟೀಚರಮ್ಮ, ಇದನ್ನ ಹಚ್ಚಿದ ಪುಣ್ಯಾತ್ಮ ಯಾರು?" ಎಂದರು. ಅಮ್ಮ ನನ್ನ ಕಡೆ ನೋಡಿದರು. ಪಾಲಯ್ಯ ಬೈಯಲಿಲ್ಲ. ಬರ್ನರಿನ ಕೆಳಗಿಂದ ಗ್ಯಾಸ್ ಹಾಯುವ ತೂತಿರುವ, ಭತ್ತದ ಕಾಳಿನಷ್ಟಿದ್ದ ಹಿತ್ತಾಳೆಯ ಜೆಟ್ ಬಿಚ್ಚಿ, ಬೆಳಕಿಗೆ ಹಿಡಿದು ನನಗೆ ತೋರಿಸಿದರು.

"ಪೈಪಿನ ಗ್ಯಾಸು ಮೆತ್ತಗೆ ಕಣವ್ವ, ಅದಕ್ಕೆ ದೊಡ್ಡ ತೂತು ಬೇಕು. ಸಿಲಿಂಡರಿಂದು ಖಾರ ಐತೆ, ಸೂಜಿ ಮೊನೆಯಷ್ಟು ಸಾಕು. ನೀನು ಖಾರನ ಸೌಟಲ್ಲಿ ಬಡಿಸ್ದೆ."

ಹಳೆಯ ಹೋಮಿಯೋಪತಿ ಶೀಷೆಗಳಲ್ಲಿ ಅಳತೆವಾರು ಹೊಸ ಜೆಟ್‌ಗಳಿದ್ದವು. ದೊಡ್ಡ ಬರ್ನರಿಗೆ ಒಂದು, ನಡುವಿನವಕ್ಕೆ ಎರಡು, ಸಣ್ಣದಕ್ಕೆ ಒಂದು. ಹಳೆಯ ತೂತಿಗೆ ಬೆಸುಗೆ ಹಾಕಿ ಮತ್ತೆ ಕೊರೆಯುವವರೂ ಇದ್ದಾರಂತೆ, ಅವರ ಹೆಸರೆತ್ತಿದರೆ ಪಾಲಯ್ಯನವರ ಮುಖ ಗಂಟಾಗುತ್ತಿತ್ತು. ಸಣ್ಣ ಉರಿ ಆರಿಹೋಗದಂತೆ, ಹೆಚ್ಚೂ ಆಗದಂತೆ ಪ್ರತಿ ನಾಬಿನ ಒಳಗಿನ ಸ್ಕ್ರೂವನ್ನೂ ಹೊಂದಿಸಿದರು. ಹಳೆಯ ರಬ್ಬರ್ ಪೈಪು ಕಿತ್ತು ಹೊಸದು ಹಾಕಿದರು. ಕೊನೆಗೆ ಗಡ್ಡ ಬೋಳಿಸುವ ಬ್ರಷ್ಷಿನಿಂದ ಸೋಪಿನ ನೊರೆ ಕಡೆದು, ಒಂದೊಂದು ಸಂದಿಗೂ ಹಚ್ಚಿ, ಒಂದೊಂದರ ಮುಂದೆಯೂ ಇನ್ನೂರರವರೆಗೆ ಎಣಿಸಿದರು. ಅಂಥ ಒಂಬತ್ತು ಸಂದಿಗಳೆಂದು ಅವರ ಮುಂದೆಯೇ ನನ್ನ ಡೈರಿಯಲ್ಲಿ ಬರೆದುಕೊಂಡೆ. ಗ್ಯಾಸ್ ಸೋರಿದರೆ ಏಳಬೇಕಾದ ಗುಳ್ಳೆ ಎಲ್ಲೂ ಏಳಲಿಲ್ಲ. ಆದರೂ ನನ್ನನ್ನು ಕರೆದು, "ಬಾರವ್ವ, ನಿನ್ನ ಮೂಗು ಒಂದೀಟು ಕೊಡು" ಎಂದರು. ನಾನು ಮೂಸಿ, ಏನೂ ಇಲ್ಲ ಎಂದೆ. ಇದು ಅವರ ತಮಾಷೆ ಎಂದುಕೊಂಡಿದ್ದೆ.

ಮಾರ್ಚ್ 23ರಂದು ಮತ್ತೆ ಬಂದರು, ಒಂದು ನಾಬ್ ಬಿಗಿಯಾಗಿತ್ತು. ಅವರು ಪೈಪು ನೋಡಲು ಕಟ್ಟೆಯ ಕೆಳಗೆ ತಲೆ ತೂರಿಸಿ ಕೂತಿದ್ದಾಗ, ಪಕ್ಕದ ವಿದ್ಯುತ್ ಒಲೆಯ ಮೇಲೆ ಅಮ್ಮ ಮರೆತುಹೋದ ಒಗ್ಗರಣೆ ಸೀಯಿತು. ನಾನು ಹಿತ್ತಲಿನಿಂದ ಕೆಮ್ಮುತ್ತಾ ಓಡಿಬಂದೆ. ಪಾಲಯ್ಯ ಅದೇ ಜಾಗದಲ್ಲಿ ಹಾಡು ಗುನುಗುತ್ತಾ ಕೂತಿದ್ದರು. ನನ್ನ ಕೆಮ್ಮು ಕೇಳಿ ತಲೆ ಹೊರಗೆ ತೆಗೆದು, "ಏನಾತವ್ವ?" ಎಂದರು.

ನನಗೆ ಗೊತ್ತಾಯಿತು. ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು. ಕೊರೊನಾ ಜ್ವರ ಬಂದಾಗ ಹೋದ ವಾಸನೆ ಮರಳಿಲ್ಲವಂತೆ. ಮನೆಯವರಿಗೂ ಹೇಳಿಲ್ಲವಂತೆ.

"ಮೂಗು ಹೋತು, ನೊರೆ ಐತಲ್ಲ. ಮೂಗಿಗೆ ನೆಗಡಿ ಆಗ್ತೈತೆ, ನೊರೆಗೆ ಆಗಲ್ಲ. ಡೈರಿಲಿ ಬೇಕಾದ್ರೆ ಬರ್ಕ, ಬಾಯಲ್ಲಿ ಆಡಬ್ಯಾಡ. ಆಮೇಲೆ ನನ್ನ ಯಾರೂ ಒಳಕ್ಕೆ ಬಿಡಾಕಿಲ್ಲ."

ಒಪ್ಪಿದೆ. ಆದರೆ ಮರುದಿನದಿಂದ ನೆಮ್ಮದಿ ಹೋಯಿತು. ಅಮ್ಮ ಏಳುವ ಮೊದಲೇ ಎದ್ದು ಒಂಬತ್ತು ಸಂದಿಗೂ ನೊರೆ ಹಚ್ಚಿ ಎಣಿಸುತ್ತಿದ್ದೆ. ಹೀಗೆ ನಲವತ್ತೊಂದು ದಿನ. ಗುಳ್ಳೆ ಬಂದ ದಿನಗಳು: ಸೊನ್ನೆ. ಅಷ್ಟಾದರೂ ನಾನು ಹೊರಗಿದ್ದಾಗ, ಅಡುಗೆ ಮುಗಿಸಿ ಶಾಲೆ ಮುಟ್ಟಿದೆ ಎಂಬ ಅಮ್ಮನ ಫೋನ್ ಬರುವುದು ಹತ್ತು ನಿಮಿಷ ತಡವಾದರೆ ನಾನೇ ಫೋನ್ ಮಾಡುತ್ತಿದ್ದೆ.

ಮೇ 3ರಂದು ಹೊಳಲ್ಕೆರೆಯ ಚಿಕ್ಕಮ್ಮ ಪಾಲಯ್ಯನವರ ನಂಬರ್ ಕೇಳಿದರು. ಅವರದೂ ಪೈಪ್ ಗ್ಯಾಸಿನಿಂದ ಸಿಲಿಂಡರಿಗೆ ಬದಲಾಗಬೇಕಿದ್ದ ಒಲೆ. ಕಿಟಕಿಯಿಲ್ಲದ ಅಡುಗೆಮನೆ, ತೊಟ್ಟಿಲಲ್ಲಿ ಮೊಮ್ಮಗು. ನನ್ನ ಬಾಯಿ ತಡೆಯಲಿಲ್ಲ. ಕೆಲಸ ಚೆನ್ನಾಗಿ ಮಾಡುತ್ತಾರೆ, ಆದರೆ ಅವರಿಗೆ ವಾಸನೆ ತಿಳಿಯುವುದಿಲ್ಲ, ನೀನೇ ಮೂಸಿ ನೋಡು ಎಂದೆ. ಚಿಕ್ಕಮ್ಮ ಅವರನ್ನು ಕರೆಯಲೇ ಇಲ್ಲ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹೇಳಿದರು. ಅಲ್ಲಿಂದ ಮಾತು ಚಿತ್ರದುರ್ಗ ಮುಟ್ಟಿತು, ಹಿರಿಯೂರನ್ನೂ ಮುಟ್ಟಿತು.

ಜೂನ್ 21, ಹಿರಿಯೂರು ಬಸ್ ನಿಲ್ದಾಣ, ಮಧ್ಯಾಹ್ನ 12.20. ಪಾಲಯ್ಯ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಾನೇ ಹತ್ತಿರ ಹೋದೆ. ಪಕ್ಕಕ್ಕೆ ಸರಿದು "ಕುಂತ್ಕವ್ವ" ಎಂದರು. ಐದು ವಾರದಿಂದ ಒಂದು ಕೆಲಸವೂ ಬಂದಿಲ್ಲ ಎಂದರು, ದೂರುವ ದನಿಯಲ್ಲಲ್ಲ. ಮಗು ಇರುವ ಮನೆ, ಹೆದರಿ ಹೇಳಿಬಿಟ್ಟೆ ಎಂದೆ.

"ಹೇಳಿದ್ದು ತಪ್ಪಲ್ಲ ಕಣವ್ವ. ಅರ್ಧ ಹೇಳಿದೆ. ಮೂಗಿನ ಸುದ್ದಿ ಹೇಳ್ದೆ, ನೊರೆ ಸುದ್ದಿ ಹೇಳ್ಲಿಲ್ಲ."

ಬಸ್ಸು ಬಂತು, ಹತ್ತಿದರು. ಅಂದಿನಿಂದ ಅವರ ಫೋನ್ ಸ್ವಿಚ್ ಆಫ್. ಜುಲೈ 13ರಂದು ಅವರ ಬಾಡಿಗೆ ಮನೆಗೆ ಹೋದೆ. ಖಾಲಿ ಮಾಡಿದ್ದಾರೆ. ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೆ ತಿಳಿಯದು.

ಉಳಿದರ್ಧವನ್ನು ಈಗ ಹೇಳುತ್ತಿದ್ದೇನೆ. ಜ್ವರದ ನಂತರ ಅವರು ಒಲೆ ಬದಲಿಸಿಕೊಟ್ಟ ಮನೆಗಳನ್ನು ಹುಡುಕಿ ಕೇಳುತ್ತಿದ್ದೇನೆ. ಇದುವರೆಗೆ ಸಿಕ್ಕಿದ್ದು ಹದಿನಾಲ್ಕು ಮನೆ. ಎಲ್ಲ ಮನೆಯಲ್ಲೂ ನೊರೆ ಹಚ್ಚಿ ಎಣಿಸಿದ್ದರು, ಯಾವ ಮನೆಯಲ್ಲೂ ಗ್ಯಾಸ್ ಸೋರಿಲ್ಲ. ಪ್ರತಿ ಮನೆಯ ಬಾಗಿಲು ತಟ್ಟುವಾಗಲೂ ನನಗೆ ಭಯವಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ನಿಮ್ಮ ಒಲೆಯನ್ನೂ ಪಾಲಯ್ಯನವರೇ ಸಿಲಿಂಡರಿಗೆ ಬದಲಿಸಿದ್ದರೆ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಸೋರಿದ್ದರೆ ಅದನ್ನೂ ಮುಚ್ಚಿಡಬೇಡಿ. ಅವರು ಈಗ ಎಲ್ಲಿದ್ದಾರೆಂದು ಗೊತ್ತಿದ್ದರೆ, ದಯವಿಟ್ಟು ಮೊದಲು ಅದನ್ನು ಬರೆಯಿರಿ.